ಏಳು ಸಲ ನಿಲ್ಲಿಸಿದ ಪ್ರೋಗ್ರಾಂ

"ಈ ಪ್ರೋಗ್ರಾಂನ ಮಧ್ಯದಲ್ಲಿ ನಿಲ್ಲಿಸ್ತಿರೋದು ನೀವೇ ಅಲ್ವಾ?"

ಪ್ರೋಗ್ರಾಮರ್ ಹುಡುಗಿ ಕೇಳಿದ್ದು ಮೆಲ್ಲಗೆ. ದನಿ ಏರಿಸಲು ಅವಳಲ್ಲಿ ಕಸುವೇ ಉಳಿದಿರಲಿಲ್ಲ. ಕಬ್ಬಿಣ ಕೊರೆಯುವ ಆ ದೊಡ್ಡ ಮೆಷಿನ್ ಮೂರು ವಾರದಿಂದ 'ಮೆಮೊರಿ ಸಾಲದು' ಎಂದು ಆಗಾಗ ಮುಷ್ಕರ ಹೂಡುತ್ತಿತ್ತು. ಸಂಜೆಯೊಳಗೆ ಸರಿಹೋಗದಿದ್ದರೆ ಅವಳ ಸಾಫ್ಟ್‌ವೇರೂ ಇಲ್ಲ, ಅವಳೂ ಇಲ್ಲ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಆಪರೇಟರ್ ಕೈಯ ಎಣ್ಣೆ ಒರೆಸುತ್ತ ತಲೆ ತಗ್ಗಿಸಿದ.

ಮೆಷಿನ್ ನಡೆಸುವ ಪ್ರೋಗ್ರಾಂಗಳೆಲ್ಲ ಹಂಚಿಕೊಳ್ಳುವ ಮೆಮೊರಿಗೆ ಒಂದು ಮಿತಿ ಇತ್ತು. ಕ್ರಮವಾಗಿ ಮುಚ್ಚಿದರೆ ಪ್ರೋಗ್ರಾಂ ತಾನು ಹಿಡಿದ ಜಾಗ ಬಿಟ್ಟುಕೊಡುತ್ತದೆ. ಬಲವಂತವಾಗಿ ನಿಲ್ಲಿಸಿದರೆ ಇಲ್ಲ. ಕೆಲಸದ ಅವಸರದಲ್ಲಿ ಕಂಪ್ಯೂಟರನ್ನು ಒಮ್ಮೆಯೂ ಆಫ್ ಮಾಡದ್ದರಿಂದ, ಹಾಗೆ ಬಿಟ್ಟುಕೊಡದ ಮೆಮೊರಿಯ ಏಳು ತುಂಡು ಒಳಗೇ ಉಳಿದಿದ್ದವು. ಅವಳು ಮಿತಿ ಏರಿಸಿದಷ್ಟೂ ಅದು ತುಂಬುತ್ತಿತ್ತು.

"ಏಳೂ ಸಲ ನಿಲ್ಲಿಸಿರೋದು ಮಧ್ಯಾಹ್ನ ಎರಡಕ್ಕೆ. ಆಗ ಇಲ್ಲಿರೋದು ನೀವೊಬ್ಬರೇ. ನನ್ನ ಮೇಲೆ ಅಷ್ಟು ಸಿಟ್ಟಾ?"

ದಿನಾ ಕೇಳದೆಯೇ ಟೀ ತಂದಿಡುತ್ತಿದ್ದವನು... ಅದೆಲ್ಲ ಬರೀ ನಾಟಕವೇ? ನಂಬಿ ಕೆಟ್ಟೆನಲ್ಲ ಎಂದು ಅವಳಿಗೆ ಅಳುವೇ ಬಂತು.

"ಆ ಹೊತ್ತಿಗೆ ಸ್ಕ್ರೀನ್ ಅಲ್ಲಾಡ್ತಾನೇ ಇರಲಿಲ್ಲ," ಎಂದ ಅವನು. "ಕರೆಯೋಕೆ ನಿಮ್ಮ ರೂಮಿಗೆ ಬಂದೆ. ನೀವು ಲ್ಯಾಪ್‌ಟಾಪ್ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ರಿ. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ನಾನೇ ನಿಲ್ಲಿಸಿ ಮತ್ತೆ ಶುರು ಮಾಡ್ದೆ."

"ಅಯ್ಯೋ... ಎರಡಕ್ಕೆ ಪ್ರೋಗ್ರಾಂ ಬೆಳಗ್ಗೆಯ ಕೆಲಸ ಸೇವ್ ಮಾಡ್ಕೊಳ್ಳುತ್ತೆ. ಎರಡು ನಿಮಿಷ ಕಾದಿದ್ರೆ ತಾನೇ ಸರಿಹೋಗ್ತಿತ್ತು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಪುಣ್ಯಾತ್ಮ. ಮೂರು ವಾರ ಅವಳ ನಿದ್ದೆ ಕೆಡಿಸಿದ್ದು, ಅವಳು ನಿದ್ದೆ ಮಾಡಲಿ ಎಂಬ ಅವನ ಆಸೆಯೇ.

ಅವಳು ಏಳೂ ತುಂಡು ಅಳಿಸಿದಳು. ಮೆಷಿನ್ ಗೊಣಗದೆ ಓಡಿತು. ತಿರುಗಿ ನೋಡಿದರೆ ಅವನು ಮ್ಯಾನೇಜರ್ ಕೋಣೆಯತ್ತ ಹೊರಟಿದ್ದ.

"ಎಲ್ಲಿಗೆ?"

"ತಪ್ಪು ನಂದು ಅಂತ ಹೇಳೋಕೆ."

"ನಿಮ್ಮ ಕೆಲಸ ಹೋದ್ರೆ?"

"ಹೋಗಲಿ. ನೀವು ಇಲ್ಲಿ ಇರಬೇಕು... ನನಗೆ ಅಷ್ಟೇ ಸಾಕು."

ಅವನ ಮೇಲೆ ಪ್ರೀತಿ ಹುಟ್ಟಿ ಎಷ್ಟು ದಿನವಾಯಿತೆಂದು ಯೋಚಿಸಲೂ ಆಗದಷ್ಟು ಅವಳು ದಣಿದಿದ್ದಳು.

"ಇಬ್ಬರೂ ಹೋಗೋಣ. ಕಾಯಬೇಕು ಅಂತ ನಿಮಗೆ ಹೇಳದೆ ಹೋದದ್ದು ನನ್ನ ತಪ್ಪು."

ಮ್ಯಾನೇಜರ್ ಪೂರ್ತಿ ಕೇಳಲೂ ಇಲ್ಲ. "ಓಡ್ತಿದೆ ತಾನೆ? ಹೋಗಿ ಕೆಲಸ ನೋಡ್ರಪ್ಪ," ಎಂದು ಬಾಗಿಲು ತೋರಿಸಿದರು.

ಹೊರಗೆ ಬಂದು ಅವಳು ಗೋಡೆಗೆ ಒರಗಿದಳು.

"ಇನ್ಮೇಲೆ ನಾನು ಮಲಗಿದ್ರೂ ಎಬ್ಬಿಸಿ."

"ಬೈತೀರಿ."

"ಬೈಸ್ಕೊಳ್ಳಿ," ಎಂದು ಅವಳು ಅವನ ಎಣ್ಣೆಗೈ ಹಿಡಿದುಕೊಂಡಳು. "ಜೀವನಪೂರ್ತಿ ಎಬ್ಬಿಸೋರಿಗೆ ಅಷ್ಟೂ ಅಭ್ಯಾಸ ಇರದಿದ್ರೆ ಹೇಗೆ?"