ಮೂರನೇ ಹಾಡಿನ ಚಪ್ಪಾಳೆ

ಪೆಟ್ಟಿಗೆಯಲ್ಲಿ ಗಿಟಾರು ಇರಲಿಲ್ಲ. ಹಳೇ ಕಂಬಳಿಯಲ್ಲಿ ಸುತ್ತಿದ ಎರಡು ಇಟ್ಟಿಗೆಗಳಿದ್ದವು.

ಭಾನುವಾರ ಬೆಳಿಗ್ಗೆ ಮಣಿಕೊಂಡದ ಆ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಗಾಡಿ ನಿಲ್ಲಿಸುವ ನೆಲಮಾಳಿಗೆಯಲ್ಲಿ, ರೋಹಿತ ಕೂಗಿಕೊಂಡಾಗ ಮೊದಲು ಓಡಿಬಂದವನು ಹುಲಗೇಶ. ಸಾಫ್ಟ್‌ವೇರ್ ಕಂಪನಿಯವರನ್ನು ಸುಮೋದಲ್ಲಿ ಹೊತ್ತು ತಿರುಗುವ ಕೆಲಸ ಅವನದು. ರೋಹಿತ, ಮನೋಜ, ಪೂರ್ವಿ ಮೂವರೂ ಅವನ ಗಾಡಿಯವರೇ. ರಜೆ ಬಂತೆಂದರೆ ಸೆಲ್ಲಾರಿನ ಸ್ಟೋರ್ ರೂಮಿನಲ್ಲಿ ಕೂತು ಫಂಕ್ ಧಾಟಿಯ ಕನ್ನಡ ಪಾಪ್ ಆಲ್ಬಮ್ ಮಾಡುತ್ತಿದ್ದರು. ಆರು ಹಾಡು, ಹೆಸರು 'ಸಿಗ್ನಲ್ ಬಿತ್ತು'. ರೋಹಿತನ ಕಂಠ, ಪೂರ್ವಿಯ ಕೀಬೋರ್ಡು, ಮನೋಜನ ಬೇಸ್. ಮನೋಜ ನುಡಿಸುವ ದಪ್ಪ ದನಿಯ ಬೇಸ್ ಗಿಟಾರು ಮಾತ್ರ ರೋಹಿತನದು, ಕಾಲೇಜಿನ ದಿನಗಳಿಂದ ಅವನ ಹೆಗಲೇರಿ ಬಂದದ್ದು.

ಆ ಕೋಣೆಗೆ ಎರಡೇ ಬೀಗದ ಕೈ. ಒಂದು ಮನೋಜನ ಬಳಿ, ಇನ್ನೊಂದು ವಾಚ್‌ಮನ್ ಗೊಲ್ಲಾಳಪ್ಪನ ಗೊಂಚಲಿನಲ್ಲಿ.

"ನಿನ್ನೆ ಮಧ್ಯಾಹ್ನ ನನ್ನ ರೂಮಲ್ಲಿ ಕೊನೇ ಮೂರು ಹಾಡು ಅದೇ ಗಿಟಾರಲ್ಲಿ ನುಡಿಸಿ ರೆಕಾರ್ಡ್ ಮುಗಿಸಿದೆ, ಸೀಡಿನೂ ಆಯ್ತು," ಎಂದ ಮನೋಜ. "ಸಂಜೆ ಪೆಟ್ಟಿಗೆ ತಂದಿಟ್ಟಿದ್ದನ್ನ ಗೊಲ್ಲಾಳಪ್ಪನೇ ನೋಡಿದ್ದಾನೆ."

ಅಸೋಸಿಯೇಶನ್ನಿನ ಕಾರ್ಯದರ್ಶಿ ನಳಿನಿ ಮೇಡಂ ಇಟ್ಟಿಗೆಗಳನ್ನು ನೋಡಿ ಮೂಗು ಮುರಿದರು. "ಇಟ್ಟಿಗೆ ಯಾರ ಕೈಗೆ ಸಿಗುತ್ತೆ? ಕಟ್ಟಡದ ಕೂಲಿ ಮಾಡಿ ಬಂದವನಿಗೆ. ಸಂಜೆ ಐದರೊಳಗೆ ಗಿಟಾರ್ ಬರದಿದ್ರೆ ಪೊಲೀಸ್ ಕಂಪ್ಲೇಂಟ್."

ಗೊಲ್ಲಾಳಪ್ಪ ಸುರಪುರ ಕಡೆಯವನು, ಹಿಂದೆ ಕಟ್ಟಡದ ಕೂಲಿ ಮಾಡುತ್ತಿದ್ದವನು, ಹುಲಗೇಶನ ಊರವನೇ. 'ಭಾಳ ನಂಬಿಗಸ್ಥ ಮನಿಷ್ಯಾ' ಎಂದು ಹೇಳಿ ಕೆಲಸಕ್ಕೆ ಹಚ್ಚಿದವನೂ ಹುಲಗೇಶ.

"ನನ್ನ ಮಾರಿಗಿ ಮಸಿ ಬಳದೆಲ್ಲೋ!" ಎಂದವನೇ ಎಲ್ಲರೆದುರು ಗೆಳೆಯನ ಕೆನ್ನೆಗೆ ಬಾರಿಸಿಬಿಟ್ಟ. ಗೊಲ್ಲಾಳಪ್ಪ ಕೆನ್ನೆಯನ್ನೂ ಮುಟ್ಟಿಕೊಳ್ಳಲಿಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ದಿನದಿಂದ ಹುಲಗೇಶನಿಗೆ ಸಿಟ್ಟು ಮೊದಲು, ವಿಚಾರ ಆಮೇಲೆ. ಅಂಗೈ ಉರಿಯುತ್ತಿರುವಾಗಲೇ ಅವನು ನೆಲಮಹಡಿಯ ಸುಬ್ಬಣ್ಣನವರ ಬಾಗಿಲು ಬಡಿದ. ಸುಬ್ಬಣ್ಣ ಹಾರ್ಮೋನಿಯಂ ಶ್ರುತಿ ಕೂಡಿಸುವವರು. ನೀರಿನ ಮೋಟರು ಕಳೆದರೂ ಕೊರಿಯರ್ ಕಾಣೆಯಾದರೂ ಕಟ್ಟಡದ ಮಂದಿ ಹೋಗುವುದು ಅವರಲ್ಲಿಗೇ. ಅವರು ಪತ್ತೆಗೆ ಹೊರಟರೆ ಗಾಡಿ ಹುಲಗೇಶನದು.

"ಅಂವ ಕದ್ದಾನೋ ಇಲ್ಲೋ ಹೇಳ್ರಿ, ಸುಬ್ಬಣ್ಣಾರ."

"ಹೊಡಿಯೂಕಿಂತ ಮೊದಲ ಕೇಳಬೇಕಿತ್ತು ಇದನ್ನ. ಹಾಡಿನ ಸೀಡಿ ಎಲ್ಲೈತಿ?"

"ಹಾಡು ಕೇಳೂ ಹೊತ್ತೇನ್ರಿ ಇದು?"

"ಗಿಟಾರು ಇಲ್ಲಂದ್ರ ಅದರ ದನಿಯರೆ ಕೇಳೂಣು, ತಗೊಂಡ್ ಬಾ."

ಸುಮೋದ ಸ್ಟೀರಿಯೊದಲ್ಲಿ ಸೀಡಿ ತಿರುಗಿತು. ಮೊದಲ ಹಾಡಿಗೇ ಸುಬ್ಬಣ್ಣನವರ ಪಾದ ತಾನಾಗಿ ತಾಳ ಹಾಕಿತು. "ಈ ಫಂಕಿನಾಗ ಹಾಡುವವ ಆಮ್ಯಾಲ. ಬೇಸ್ ಮುಂದ ನಡೀಬೇಕು. ಬೆರಳು ಜಾರಿದಾಗೆಲ್ಲ ತಂತಿ ಸರ್ರ್ ಅಂತೈತಿ, ಕೇಳಿದಿ? ಒಂದ್ ಸ್ವರ ಬಂದಲ್ಲೆಲ್ಲ ಗಿರ್ರ್ ಅಂತೈತಿ." ಎರಡನೆಯದರ ಮಾತುಗಳು ಸಪ್ಪೆ, ಬೇಸ್ ಅದನ್ನು ಎತ್ತಿ ನಿಲ್ಲಿಸಿತ್ತು, ಅಲ್ಲೂ ಅದೇ ಗಿರ್ರ್. ಮೂರನೆಯದು 'ಲಿಫ್ಟ್ ಕೆಟ್ಟಿದೆ'.

"ಇದು ಹಾಡಂದ್ರ! ಈ ಚಪ್ಪಾಳಿ ಯಾರದು? ತಾಳದ ಸಂದಿನಾಗ ಹೆಂಗ ನುಗ್ಗತಾನ!"

"ಗೊಲ್ಲಾಳಪ್ಪಂದರಿ," ಎಂದ ಹುಲಗೇಶ ಮೆಲ್ಲಗೆ. "ಊರಾಗ ಡೊಳ್ಳಿನ ಮೇಳದಾಗ ಇದ್ದ. ಪೂರ್ವಿ ಮೇಡಂ ಕರದು ಹಾಕಿಸ್ಯಾರ."

ನಾಲ್ಕನೆಯದು ಶುರುವಾಯಿತು. ಸುಬ್ಬಣ್ಣನವರ ಪಾದ ನಿಂತಿತು. "ಒಂದೂ ತಪ್ಪಿಲ್ಲ. ಜೀವಾನೂ ಇಲ್ಲ." ಐದನೆಯದನ್ನು ಮೂರು ಸಲ ಹಾಕಿಸಿ, ಒಂದು ಕಡೆ ಬೇಸ್ ಪಾತಾಳಕ್ಕಿಳಿದಾಗ ಹುಬ್ಬು ಗಂಟಿಕ್ಕಿದರು. ಆರನೆಯದಕ್ಕೆ ಬರೀ ತಲೆಯಾಡಿಸಿದರು. ಆಮೇಲೆ ಪೂರ್ವಿಯನ್ನು ಕರೆದು ಒಂದೇ ಮಾತು ಕೇಳಿದರು: "ನಿನ್ನ ಕೀಬೋರ್ಡು ಎಲ್ಲೈತವಾ?"

"ಮನೋಜನ ರೂಮಲ್ಲಿದೆ ಅಂಕಲ್. ಪ್ರಾಕ್ಟೀಸಿಗೆ ಅಂತ ಎರಡು ವಾರದ ಹಿಂದೆ ಇಸ್ಕೊಂಡ."

ನಾಲ್ಕೂವರೆಗೆ ಎಲ್ಲರೂ ಸೆಲ್ಲಾರಿನಲ್ಲಿ ಸೇರಿದರು. ಗೊಲ್ಲಾಳಪ್ಪ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ.

"ರೋಹಿತಪ್ಪಾ, ನಿನ್ನ ಗಿಟಾರು ಒಂದ್ ಸ್ವರಕ್ಕ ಗಿರ್ರ್ ಅಂತೈತಿ, ಹೌದಿಲ್ಲೋ?"

"ಹೌದು, ಕತ್ತಿನ ಮೇಲಿನ ಮೂರನೇ ಲೋಹದ ಪಟ್ಟಿ ಸವೆದಿದೆ. ಸರಿ ಮಾಡಿಸಿರಲಿಲ್ಲ."

"ಮೊದಲ ಮೂರು ಹಾಡಿನಾಗ ಆ ಗಿರ್ರ್ ಐತಿ, ಬೆರಳ ಸರ್ರ್ ಐತಿ. ಕೊನೀ ಮೂರರಾಗ ಎರಡೂ ಇಲ್ಲ. ಐದನೇದರಾಗಂತೂ ಬೇಸ್ ಅತೀ ದಪ್ಪ ತಂತಿಯ ಸ್ವರಕ್ಕಿಂತ ಕೆಳಗ ಇಳಿದೈತಿ. ಇಲ್ಲದ ತಂತಿ ಮೀಟಿದವ ಯಾರು?"

"ತಂತಿ ಸಡಿಲ ಮಾಡ್ಕೊಂಡಿದ್ದೆ," ಎಂದ ಮನೋಜ ತಟ್ಟನೆ.

"ಸಡಿಲ ತಂತಿ ಮತ್ತಷ್ಟು ಗಿರ್ರ್ ಅಂತೈತಿ, ತಮ್ಮಾ. ಅವು ಕೀಬೋರ್ಡಿನ ಸ್ವರ. ಅಂದಮ್ಯಾಲ ನಿನ್ನೆ ಗಿಟಾರು ನುಡಿಸೇನಿ ಅನ್ನೂದು ಸುಳ್ಳು. ಕದಿಯೂವ ಸಿಕ್ಕಿದ್ದು ಹೊತ್ಕೊಂಡ ಓಡತಾನ. ಕುಂತು ಇಟ್ಟಿಗಿಗೆ ಕಂಬಳಿ ಸುತ್ತೂದಿಲ್ಲ. ನಾಲ್ಕು ಮಂದಿ ಮುಂದ ಪೆಟ್ಟಿಗಿ ಹೊತ್ತು ತಂದ್ರ ಒಳಗ ಗಿಟಾರು ಐತಿ ಅನ್ನಿಸೂವಷ್ಟು ಭಾರ ಬೇಕಾಗಿತ್ತು. ಪೆಟ್ಟಿಗಿ ಹೊತ್ತು ತಂದವ ನೀನು."

ಮನೋಜನ ಕುತ್ತಿಗೆ ಬಾಗಿತು. ಎರಡು ವಾರದ ಹಿಂದೆ, ಮೇ ತಿಂಗಳ ಒಂದು ದಿನ, ಅವನು ಲಿಂಗಂಪಲ್ಲಿ ರೈಲ್ವೆ ಸ್ಟೇಷನ್ನಿನ ಬಿಸಿಲಲ್ಲಿ ಕಾರು ಬಿಟ್ಟುಹೋಗಿದ್ದ, ಗಿಟಾರು ಒಳಗಿತ್ತು. ಸಂಜೆ ಬಂದು ನೋಡಿದರೆ ಕಾದ ಕಾರಿನಲ್ಲಿ ಅಂಟು ಬಿಟ್ಟು ಅದರ ಕತ್ತು ಸೊಟ್ಟಗಾಗಿತ್ತು. ರೋಹಿತನ ಮುಖ ಎದುರಿಸಲಾಗದೆ ಮಂಚದ ಕೆಳಗೆ ತುರುಕಿದ. "ನಿಂಗೆ ಹೇಗೆ ಹೇಳ್ಬೇಕು ಗೊತ್ತಾಗ್ಲಿಲ್ಲ ಕಣೋ. ಕಳುವಾಯ್ತು ಅಂದ್ರೆ ಮುಗಿಯುತ್ತೆ ಅಂದ್ಕೊಂಡೆ. ಇವನ ಮೇಲೆ ಬರುತ್ತೆ ಅಂತ..."

"ಬೀಗದ ಕೈ ಎರಡೇ ಅಂತ ನಿಂಗೆ ಗೊತ್ತಿರಲಿಲ್ವಾ?" ಎಂದಳು ಪೂರ್ವಿ.

ನಳಿನಿ ಮೇಡಂ ಗಂಟಲು ಸರಿಮಾಡಿಕೊಂಡರು. "ಹೋಗ್ಲಿ ಬಿಡಿ. ಸ್ನೇಹಿತರ ವಿಷಯ, ಅವರವರೇ ಮಾತಾಡ್ಕೊಳ್ಳಲಿ."

"ಈಗ ಕಂಪ್ಲೇಂಟ್ ಎಲ್ಲಿ ಹೋತ್ರಿ ಮೇಡಂ?" ಹುಲಗೇಶ ಕುದಿದ. "ಕೂಲಿಯವಗ ಪೊಲೀಸು, ನಿಮ್ಮವರಿಗೆ..."

ಗೊಲ್ಲಾಳಪ್ಪ ಹತ್ತಿರ ಬಂದು ಕೀಲಿ ಗೊಂಚಲನ್ನು ಹುಲಗೇಶನ ಬಲಗೈಯಲ್ಲೇ, ತನ್ನನ್ನು ಹೊಡೆದ ಕೈಯಲ್ಲೇ, ಇಟ್ಟ.

"ಊರಿಗಿ ಹೊಂಟೀನಿ. ಇದನ್ನ ಯಾರಿಗರೆ ಕೊಡು."

"ಸುಮೋದಾಗ ಸ್ಟೇಷನ್ ತನಕ ಬಿಡ್ತೀನಿ, ಬಾರೋ. ತಪ್ಪಾತಲೇ ನಂದು."

"ಬ್ಯಾಡ. ಅವರಿಗೆ ನಾ ಯಾರು? ಅನುಮಾನ ಪಟ್ರು, ನಡೀತೈತಿ. ನೀ ಒಂದ್ ಮಾತು ಕೇಳಬೇಕಿತ್ತು, ಹುಲಗ್ಯಾ."

ಗೊಲ್ಲಾಳಪ್ಪ ಟ್ರಂಕು ಹೆಗಲಿಗೇರಿಸಿ ಗೇಟು ದಾಟಿದ. ಸುಬ್ಬಣ್ಣ ಒಮ್ಮೆ ಹುಲಗೇಶನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಮನೆಯೊಳಗೆ ಹೋದರು.

ಹುಲಗೇಶ ಸುಮೋದಲ್ಲಿ ಕೂತು ಮೂರನೇ ಹಾಡು ಹಾಕಿದ. ತಾಳದ ಸಂದಿನಲ್ಲಿ ಚಪ್ಪಾಳೆ ನುಗ್ಗಿ ಬಂತು. ಪ್ರತಿ ಚಪ್ಪಾಳೆಗೂ ಅವನ ಕೆನ್ನೆ ತಾನಾಗಿ ಪಕ್ಕಕ್ಕೆ ಹೊರಳುತ್ತಿತ್ತು.