ಬೀಗ ತೆಗೆಸಿದವಳು

ಹೈಕೋರ್ಟಿನ ಮೆಟ್ಟಿಲ ಮೇಲೆ ಸೂರ್ಯ ಎದುರಾದ. ವಿಭಾ ನಿಂತಳು. ಅವನು ಮುಖ ತಿರುಗಿಸಿಕೊಂಡು ಮೇಲೆ ಹತ್ತಿಹೋದ.

ಎಷ್ಟು ಕೋಪವಿರಬೇಕು ನನ್ನ ಮೇಲೆ... ಇರಲಿ, ಇರಬೇಕಾದ್ದೇ ಎಂದುಕೊಂಡಳು.

ಕೆ.ಆರ್. ಪುರದ ಕಾರ್ಖಾನೆಯೊಂದರಲ್ಲಿ ಅವಳು ಎಚ್.ಆರ್. ಅಧಿಕಾರಿ. ಅವನು ಲೇತ್ ಆಪರೇಟರ್, ಜೊತೆಗೆ ಯೂನಿಯನ್ ಕಾರ್ಯದರ್ಶಿ. ಮುಷ್ಕರ ನಡೆಯುತ್ತಿದ್ದಾಗಲೇ ಆಯುಧಪೂಜೆ ಬಂತು. ಜಗಳ ಆಡಳಿತದ ಜೊತೆಗೆ ತಾನೇ, ಯಂತ್ರ ಏನು ಮಾಡಿತ್ತು ಪಾಪ! ತನ್ನ ಲೇತಿಗೆ ಪೂಜೆ ಮಾಡಬೇಕೆಂದು ಹೂವು, ನಿಂಬೆಹಣ್ಣು ಹಿಡಿದು ಗೇಟಿನ ಹೊರಗೆ ನಿಂತವನನ್ನು ಕಂಡು ಅವಳಿಗೆ ಕರುಳು ಚುರುಕ್ಕೆಂದಿತು. ಕಾವಲುಗಾರ ಪಿಳ್ಳಪ್ಪನಿಗೆ ಹೇಳಿ ಬೀಗ ತೆಗೆಸಿದಳು. ಪೂಜೆ ಮುಗಿಸಿ ಹೋಗುವಾಗ ಅವನು ಅವಳ ಕೈಗೂ ಒಂದಿಷ್ಟು ಕಡ್ಲೆಪುರಿ ಹಾಕಿದ. ಅವತ್ತೇ ಅವಳು ಅವನಿಗೆ ಮನಸೋತದ್ದು.

ಬೀಗ ಒಡೆದು ನುಗ್ಗಿದನೆಂದು ಆಡಳಿತ ಅವನನ್ನು ಕೆಲಸದಿಂದ ತೆಗೆಯಿತು. ಪಿಳ್ಳಪ್ಪ ಹೆದರಿ ಹೇಳಿಕೊಟ್ಟಂತೆ ಹೇಳಿದ. ಸೂರ್ಯ ಒಡೆದಿಲ್ಲ ಎಂದನೇ ಹೊರತು, ತೆಗೆಸಿದವರು ಯಾರೆಂದು ಬಾಯಿ ಬಿಡಲಿಲ್ಲ. ವಿಭಾಳೂ ಬಿಡಲಿಲ್ಲ. ಹೊಸ ತಿಪ್ಪಸಂದ್ರದ ಮನೆಯಲ್ಲಿ ಅಪ್ಪ ಕೃಷ್ಣಸ್ವಾಮಿಗೆ ಆರೋಗ್ಯ ಸರಿಯಿಲ್ಲ, ಸಂಸಾರ ನಡೆಯುತ್ತಿದ್ದದ್ದೇ ಅವಳ ಕೆಲಸದಿಂದ.

ಕಾರ್ಮಿಕ ನ್ಯಾಯಾಲಯ ಸೂರ್ಯನನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಆ ಆದೇಶ ರದ್ದು ಮಾಡಿಸಲು ಕಂಪನಿ ಹೈಕೋರ್ಟಿಗೆ ಬಂದಿತ್ತು. ಫೈಲು ಹೊತ್ತು ತಂದವಳು ವಿಭಾಳೇ!

ವಾದವೆಲ್ಲ ಕೇಳಿದ ನ್ಯಾಯಮೂರ್ತಿಗಳು ಒಂದೇ ಪ್ರಶ್ನೆ ಹಾಕಿದರು. ಒಡೆದ ಬೀಗ ಎಲ್ಲಿದೆ?

ಕಂಪನಿಯ ವಕೀಲರು ಉತ್ತರಕ್ಕಾಗಿ ಹಿಂದೆ ಕೂತಿದ್ದ ವಿಭಾಳತ್ತ ಬಗ್ಗಿದರು. ಈಗಲೂ ಸುಮ್ಮನಿದ್ದರೆ ಅವನ ಬದುಕು ಮೂರಾಬಟ್ಟೆ...

"ಬೀಗ ಒಡೆದೇ ಇಲ್ಲ ಸರ್. ನಾನೇ ತೆಗೆಸಿದ್ದು."

"ಯೋಚ್ನೆ ಮಾಡಿ ಹೇಳ್ತಿದ್ದೀಯೇನಮ್ಮಾ?" ವಕೀಲರು ಮೆಲ್ಲಗೆ ಕೇಳಿದರು.

"ಹೂಂ ಸರ್."

ವಕೀಲರು ಹಳೆ ಕಾಲದ ಮನುಷ್ಯ. ಗೊತ್ತಿದ್ದೂ ಸುಳ್ಳು ವಾದಿಸಲಾರೆನೆಂದು ವಿಷಯವನ್ನು ಕೋರ್ಟಿನ ಮುಂದಿಟ್ಟರು. ವಿಭಾಳಿಂದ ಪ್ರಮಾಣಪತ್ರ ಬರೆಸಿಕೊಂಡು, ಮಧ್ಯಾಹ್ನ ನ್ಯಾಯಮೂರ್ತಿಗಳು ಕಂಪನಿಯ ಅರ್ಜಿ ವಜಾ ಮಾಡಿದರು.

ಹೊರಗೆ ಬರುವಷ್ಟರಲ್ಲಿ ಮ್ಯಾನೇಜರ್ ಫೋನು. ನಾಳೆಯಿಂದ ಬರುವುದು ಬೇಡವಂತೆ.

ಬಸ್ ಸ್ಟಾಪಿನವರೆಗೂ ಸೂರ್ಯ ಹಿಂದೆಯೇ ಬಂದ.

"ಯಾಕ್ರೀ ಹೇಳಿದ್ರಿ? ನಿಮ್ ಹೆಸ್ರು ಬರ್ಬಾರ್ದು ಅಂತಾನೇ ಇಷ್ಟು ದಿನ ಮುಖ ತಿರುಗಿಸ್ಕೊಂಡು ಓಡಾಡ್ದೆ."

ವಿಭಾ ಅವನತ್ತ ತಿರುಗಿದಳು. "ನನ್ ಮುಖ ನೋಡೋಕೂ ಅಸಹ್ಯ ನಿಮ್ಗೆ ಅಂದ್ಕೊಂಡಿದ್ದೆ..."

"ನೋಡಿದ್ರೆ ಎಲ್ರಿಗೂ ಗೊತ್ತಾಗ್ಬಿಡ್ತಿತ್ತು."

"ಏನು?"

"ನೀವಂದ್ರೆ ನಂಗೆ ಪ್ರಾಣ ಅಂತ."

ಟಿನ್ ಫ್ಯಾಕ್ಟರಿ ಕಡೆಗೆ ಹೋಗುವ ಬಸ್ಸು ಬಂದು ಹೋಯಿತು. ಇಬ್ಬರೂ ಹತ್ತಲಿಲ್ಲ. ವಿಭಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ಕೆಲ್ಸ ಇಲ್ದೋಳು ನಾನು. ಅಪ್ಪಂಗೆ ಏನಂತ ಹೇಳ್ಲಿ?"

"ನಾನೇ ಬಂದು ಹೇಳ್ತೀನಿ. ಇಷ್ಟು ದಿನ ನಾನೂ ಕೆಲ್ಸ ಇಲ್ದೋನೇ ಅಲ್ವಾ? ಅದಕ್ಕೆ ನೀವು ನನ್ನ ಮರೆತ್ರಾ?"

"ಮರೆತಿದ್ರೆ," ಎಂದಳು ವಿಭಾ, "ಇವತ್ತು ಕೋರ್ಟಲ್ಲಿ ಸುಮ್ನೆ ಕೂತಿರ್ತಿದ್ದೆ."