ಕಿಂಡಿಯಲ್ಲಿ ಕಂಡ ಕಿವಿ

“ದಿಲ್ಲಿಯೊಳಗ ಗಾಂಧೀಜಿ ನನ್ನ ಮುಂದ ಮೂರು ದಿನ ಅಲ್ಲಾಡದ ಕುಂತಿದ್ರು ನೋಡ್ರಿ. ಮೂಗಿನ ಮ್ಯಾಲ ನೊಣ ಕುಂತ್ರೂ ಕೈ ಎತ್ತಲಿಲ್ಲ. ‘ವೈಜಿನಾಥ, ನೀನಾ ಓಡಸಪ್ಪ, ನಾ ಅಲ್ಲಾಡಿದ್ರ ನಿನ್ನ ಚಿತ್ರ ಕೆಡ್ತದ’ ಅಂದ್ರು!”

ಭಾಲ್ಕಿಯ ಹೆಣ್ಣುಮಕ್ಕಳ ಹೊಸ ಕನ್ನಡ ಶಾಲೆಯ ಪಡಸಾಲೆಯಲ್ಲಿ ಇಷ್ಟು ಹೇಳಿ ವೈಜಿನಾಥ ಎದೆಯುಬ್ಬಿಸಿ ನಿಂತ. ಬೀದರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಕೆಲಸಗಾರ ಅವನು. ಕೈಯಲ್ಲಿ ಬಣ್ಣದ ಕಲೆ, ಬಾಯಲ್ಲಿ ಬಣ್ಣದ ಅಂಗಡಿ!

ಟೀಚರ್ ಚಂದ್ರಭಾಗಾ ಕಣ್ಣೆತ್ತಿ ನೋಡಿದಳು. ಆ ಕಣ್ಣುಗಳನ್ನು ಏನಂತ ಬಣ್ಣಿಸಲಿ! ಬೀದರ ಕೋಟೆಯ ಏಳೂ ಬಾಗಿಲು ಅಂಥದೊಂದು ನೋಟಕ್ಕೆ ತಾವೇ ಕೀಲಿ ಕಳಚಿಕೊಂಡಾವು.

“ಯಾವ ಭಾಷಾದಾಗ ಅಂದ್ರರಿ?” ಎಂದಳು.

“ಆಂ?”

“ನೊಣದ ಮಾತು. ಗಾಂಧೀಜಿ ಯಾವ ಭಾಷಾದಾಗ ಅಂದ್ರು?”

“ಕನ್ನಡದಾಗರಿ ಟೀಚರ್ ಬಾಯಾರ.”

“ಅವರಿಗೆ ಕನ್ನಡ ಬರ್ತಿತ್ತೇನ್ರಿ?”

“ಬರ್ತಿದ್ದಿಲ್ಲ. ಮೂರು ದಿನ ಸುಮ್ಮ ಕುಂತಿದ್ರಲ್ಲ… ನಾನಾ ಕಲಿಸಿದೆ!”

ಹುಡುಗಿಯರು ಗೊಳ್ಳೆಂದರು. ಶಾಲೆಯ ಹೆಂಚು ನಾಕು ಬೆರಳು ಮೇಲೆದ್ದು ಕೂತವು ಅಂದರೆ ನಂಬಬೇಕು. ಚಂದ್ರಭಾಗಾ ತುಟಿ ಕಚ್ಚಿ ನಗು ನುಂಗಿದಳು.

‘ನೊಣ ಸುಳ್ಳು, ಕನ್ನಡ ಸುಳ್ಳು… ಆದರೂ ದೂರದಿಂದಾದರೂ ಕಂಡಿರಬೇಕು. ಇಲ್ಲದಿದ್ದರೆ ಆ ಮುಖ ಹಾಗೆ ಬರೆಯಲಾಗುತ್ತಿತ್ತೇ?’

ಆ ಮುಖ ಅವಳ ಮನೆಯಲ್ಲೇ ಇತ್ತು. ಅವಳ ಅಪ್ಪ ಶಿವರಾಜಪ್ಪ ರಜಾಕಾರರ ಗದ್ದಲದಲ್ಲಿ ಕೊಟ್ಟಿಗೆ ಸುಟ್ಟುಹೋದ ಮೇಲೆ ಮಗಳೊಂದಿಗೆ ಗಡಿಯಾಚೆಯ ಕ್ಯಾಂಪಿನಲ್ಲಿ ವರ್ಷ ಕಳೆದವನು. ಗಾಂಧೀಜಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವನ ಒಂದೇ ಆಸೆ. ಅದು ಕೈಗೂಡುವ ಮೊದಲೇ ದಿಲ್ಲಿಯಿಂದ ಸಾವಿನ ಸುದ್ದಿ ಬಂತು. ನಿಜಾಮರ ಆಳಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು ಊರಿಗೆ ಮರಳುವಾಗ ಬೀದರಿನ ಒಂದು ಅಂಗಡಿಯ ಬಾಗಿಲಲ್ಲಿ ಈ ಚಿತ್ರ ಕಂಡು, ಒಳಗೂ ಹೋಗದೆ ಹೊರಗಿನಿಂದಲೇ ಕಾಡಿ ಬೇಡಿ ತಂದಿದ್ದ. ಅಂದಿನಿಂದ ದಿನವೂ ಅದಕ್ಕೊಂದು ಹೂವು. ಮೂಲೆಯಲ್ಲಿ ಸಣ್ಣ ಅಕ್ಷರ: ‘ವೈಜಿನಾಥ, ಬೀದರ’.

ಆ ವೈಜಿನಾಥನೇ ಈಗ ಎದುರಿಗೆ ನಿಂತಿದ್ದ!

ಇಷ್ಟು ವರ್ಷ ನಮ್ಮ ಸೀಮೆಯ ಕಚೇರಿ ಗೋಡೆಗಳ ಮೇಲೆ ಇದ್ದದ್ದು ನಿಜಾಮರ ಮುಖ ಒಂದೇ. ಹೊಸ ಕಾಲದ ಮುಖಗಳು ಜನರಿಗೆ ಗುರುತಿರಲಿಲ್ಲ. ಅದಕ್ಕೇ ಚಂದ್ರಭಾಗಾ ಶನಿವಾರಕ್ಕೊಂದು ಆಟ ಹೂಡಿದ್ದಳು. ಚಿತ್ರದ ಮೇಲೆ ಕರಿ ರಟ್ಟು. ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಕಿಂಡಿ. ಕಿಂಡಿಯಲ್ಲಿ ಒಂದು ಮೂಗೋ ಮೀಸೆಯೋ ಕಾಣಬೇಕು; ಜೊತೆಗೆ ಮೂರು ಸುಳಿವು. ‘ಇವರು ಯಾರು?’

ಚಿತ್ರ ಬರೆದು ತರುವ ಕೆಲಸ ವೈಜಿನಾಥನದು. ಪ್ರತಿ ಶನಿವಾರ ರೈಲಿಗೆ ಬರುತ್ತಿದ್ದ. ಮಕ್ಕಳಷ್ಟೇ ಅಲ್ಲ, ಅರ್ಧ ಭಾಲ್ಕಿಯೇ ಕೂಡುತ್ತಿತ್ತು. ಆದರೆ ಚಂದ್ರಭಾಗಾಳನ್ನು ಗೆದ್ದವರಿಲ್ಲ. ಗಡ್ಡದ ತುದಿ ಕಂಡರೆ ಠಾಗೋರರು ಅನ್ನುತ್ತಿದ್ದಳು. ಕನ್ನಡಕದ ಅಂಚು ಕಂಡರೆ ಸುಭಾಷರು ಅನ್ನುತ್ತಿದ್ದಳು.

ಒಂದು ಶನಿವಾರ ಕಿಂಡಿಯಲ್ಲಿ ಬರೀ ನೀಲಿ ಬಣ್ಣದ ಗೋಡೆ ಬಿಲ್ಲೆಯ ಚೂರು!

“ಇದೇನ್ರಿ, ಮುಖಾನಾ ಇಲ್ಲ?”

“ಈ ಮನುಷ್ಯಾನ ಮುಖ ಯಾರಿಗೂ ಗೊತ್ತಿಲ್ಲರಿ ಬಾಯಾರ. ಸುಳಿವು ಕೇಳ್ರಿ. ದೂರ ದೇಶದಿಂದ ಬಂದವರು. ಬೀದರದಾಗ ದೊಡ್ಡ ಸಾಲಿ ಕಟ್ಟಿಸಿದ್ರು…”

“ಮಹಮೂದ ಗವಾನ,” ಎಂದಳು, ಮೂರನೆಯ ಸುಳಿವಿಗೂ ಕಾಯದೆ. ಆಮೇಲೆ ದನಿ ತಗ್ಗಿಸಿ, “ಯಾರೋ ಬರೆದ ಸುಳ್ಳು ಕಾಗದ ಬಾದಶಾ ನಂಬಿದ. ಇವರ ತಲಿ ಹೋಯ್ತು. ಸುಳ್ಳಂದ್ರ ನನಗ ಅದಕ್ಕಾ ಅಂಜಿಕಿ,” ಎಂದಳು.

ವೈಜಿನಾಥನ ಕೈಯ ರಟ್ಟು ಜಾರಿ ಬಿತ್ತು.

“ಎಲ್ಲಾ ಸುಳ್ಳೂ ತಲಿ ತಗೀತಾವೇನ್ರಿ?”

“ಮತ್ತ? ಉಳಸ್ತಾವೇನು?”

ಅಷ್ಟು ಮಾತಿನ ಮನುಷ್ಯ ಅಂದು ರೈಲು ಹತ್ತುವವರೆಗೂ ತುಟಿ ಬಿಚ್ಚಲಿಲ್ಲ.

ಅವಳಿಗೆ ಅದೇ ಚಿಂತೆ. ‘ಯಾಕೆ ಸುಮ್ಮನಾದ? ನಾನೇನು ತಪ್ಪು ಅಂದೆ?’ ಮುಂದಿನ ಶನಿವಾರದವರೆಗೆ ಏಳು ದಿನವಲ್ಲ, ಏಳು ವರ್ಷ ಕಾದಳು!

ಇತ್ತ ಶಿವರಾಜಪ್ಪನಿಗೆ ವೈಜಿನಾಥನೆಂದರೆ ಪ್ರಾಣ. ಶನಿವಾರ ಊಟಕ್ಕೆ ಕರೆದು ಕೂರಿಸಿಕೊಂಡರೆ ಒಂದೇ ಪ್ರಶ್ನೆ.

“ತಮ್ಮಾ, ಅವರ ದನಿ ಹ್ಯಾಂಗಿತ್ತು? ಇನ್ನೊಮ್ಮೆ ಹೇಳು.”

“ಮೆತ್ತಗರಿ. ಸಿಟ್ಟಿನಾಗೂ ಮೆತ್ತಗ. ಕನ್ನಡಕ ತಗದು ಅಂಗಿ ತುದಿಲಿಂದ ಒರಸಕೋತ ಮಾತಾಡ್ತಿದ್ರು. ಶೇಂಗಾ ಸುಲದು ಮೊದಲು ನನಗ ಕೊಟ್ಟು ಆಮ್ಯಾಲ ತಾವು ತಿಂತಿದ್ರು.”

ಶಿವರಾಜಪ್ಪನ ಕಣ್ಣು ತುಂಬುತ್ತಿತ್ತು.

ಒಂದು ದಿನ ಶಾಲೆಗೆ ಅಚ್ಚಿನ ಗಾಂಧೀಜಿ ಚಿತ್ರ ಬಂತು. ಚಂದ್ರಭಾಗಾ ಅದನ್ನೇ ನೋಡುತ್ತ ನಿಂತಳು. ಮೂಗು ಬೇರೆ, ಗದ್ದ ಬೇರೆ. ಮನೆಯ ಚಿತ್ರದಲ್ಲಿ ಎಡಗಿವಿಗೆ ಒಂದು ಸಣ್ಣ ಕಚ್ಚು ಇದೆ, ಇದರಲ್ಲಿಲ್ಲ! ಅಪ್ಪನಿಗೆ ಹೇಳಿದರೆ ಅವನು ನಕ್ಕುಬಿಟ್ಟ.

“ಅಚ್ಚಿನ ಮಂದಿಗೇನು ಗೊತ್ತವ್ವಾ? ನಮ್ಮ ಹುಡುಗ ಎದುರು ಕುಂತು ತಗದಾನ!” ಆಮೇಲೆ ಮಗಳ ತಲೆ ನೇವರಿಸಿದ. “ಚಂದ್ರಾ, ಅವನು ಚಿಂತಾಕಿ ಊರ ಕಡೀ ಹುಡುಗ. ತಂದಿ ತಾಯಿ ಇಲ್ಲ, ಹೊಲ ಮನಿ ಇಲ್ಲ. ಮಂದಿ ಆಡಕೋತಾರ, ಆಡಕೊಳ್ಳಲಿ. ಗಾಂಧೀಜಿನ್ನ ಕಣ್ಣಾರೆ ಕಂಡಾನ. ನನಗ ಅಷ್ಟು ಸಾಕು. ನಿನಗ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಸುತ್ತಿದ್ದು ಎಷ್ಟೆಂದರೆ, ಅಷ್ಟು ಸೆರಗು ಬಿಚ್ಚಿ ಹಾಸಿದರೆ ಔರಾದಿಗೆ ಮುಟ್ಟೀತು! ಬರುವ ಭಾನುವಾರ ಸಕ್ಕರೆ ಹಂಚಿ ಮದುವೆಯ ಮಾತು ಗಟ್ಟಿ ಮಾಡುವುದೆಂದಾಯಿತು.

ಅದೇ ವಾರ ಗುರುವಾರ ಅವಳು ಹುಡುಗಿಯರನ್ನು ಬೀದರಿಗೆ ಗವಾನರ ಮದರಸಾ ತೋರಿಸಲು ಕರೆದುಕೊಂಡು ಹೋದಳು. ಮಕ್ಕಳು ಹಿರಿಯ ಟೀಚರ್ ಜೊತೆ ಮಿನಾರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಅವಳ ಕಾಲು ತಾವಾಗಿಯೇ ವೈಜಿನಾಥನ ಅಂಗಡಿಯತ್ತ ನಡೆದವು. ‘ಒಂದು ಗಳಿಗೆ ನೋಡಿ ಬಂದರಾಯಿತು…’

ವೈಜಿನಾಥ ಕಟ್ಟಿಗೆ ತರಲು ಹೋಗಿದ್ದ. ಒಳಗೆ ಒಬ್ಬ ಮುದುಕ ಚೌಕಟ್ಟಿಗೆ ಮೊಳೆ ಹೊಡೆಯುತ್ತ ಕೂತಿದ್ದ. ಬೋಳು ತಲೆ, ದುಂಡು ಕನ್ನಡಕ, ಹೆಗಲ ಮೇಲೆ ಶಾಲು. ತಲೆಯೆತ್ತಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕ.

ಚಂದ್ರಭಾಗಾ ಬಾಗಿಲಲ್ಲೇ ನಿಂತುಬಿಟ್ಟಳು!

ದಿನಾ ಅಪ್ಪ ಹೂವೇರಿಸುವ ಮುಖ!

“ಬರ್ರಿ ಬೇಟಿ, ಕೂಡ್ರಿ. ಕಟ್ಟು ಹಾಕಸಬೇಕಾ?” ಮುದುಕ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಮುಂದಿದ್ದ ಶೇಂಗಾದ ಸಿಪ್ಪೆ ಬಿಡಿಸಿ ಅವಳ ಕೈಗಿಟ್ಟ. ದನಿ… ಮೆತ್ತಗಿತ್ತು.

“ಕಿವಿಗೇನಾಗ್ಯಾದರಿ ಚಾಚಾ?”

“ಗಾಜು ಕೊಯ್ದದವ್ವಾ. ಈ ಧಂದಾದಾಗ ಎಲ್ಲರದೂ ಕೈ ಕೊಯ್ತದ. ಈ ಬಾಬುಮಿಯಾನ ಕಿವಿನೂ ಬಿಡಲಿಲ್ಲ!” ಎಂದು ನಕ್ಕ.

“ನಿಮ್ಮ ವೈಜಿನಾಥ ದಿಲ್ಲಿಗೆ ಹೋಗಿದ್ನೇನ್ರಿ?”

“ದಿಲ್ಲಿ? ಅರೇ, ಹತ್ತು ವರ್ಷದವ ಇದ್ದಾಗ ಬಂದಾನ, ಒಂದಿನಾ ನನ್ನ ಬಿಟ್ಟು ಹೋಗಿಲ್ಲ. ಈಗೀಗ ಶನಿವಾರ ಒಂದಾ ಭಾಲ್ಕಿಗೆ ಓಡ್ತಾನ. ಅಲ್ಲಿ ಏನದನೋ, ಅಲ್ಲಾಗೆ ಗೊತ್ತು!”

ಕೈಯ ಶೇಂಗಾ ಕಾಳು ಕಲ್ಲಾದಂತಾಯಿತು. ಮರಳುವ ರೈಲಿನಲ್ಲಿ ಹುಡುಗಿಯರ ಹಾಡು ಅವಳ ಕಿವಿಗೆ ಬೀಳಲಿಲ್ಲ.

‘ನನ್ನನ್ನು ನಗಿಸಲು ಹೇಳಿದ್ದಾದರೆ ಕ್ಷಮಿಸುತ್ತಿದ್ದೆ. ಆದರೆ ಅಪ್ಪ! ಅಪ್ಪನ ಕಣ್ಣೀರಿನ ಮುಂದೆ ಕೂತು ಹೇಗೆ ಹೇಳಿದ? ಸತ್ಯ ತಿಳಿದರೆ ಅಪ್ಪ ಅವನನ್ನು ಹೊಸಿಲು ತುಳಿಯಲು ಬಿಡುವುದಿಲ್ಲ. ತಿಳಿಯದಿದ್ದರೆ… ನಾನು ಜೀವಮಾನವಿಡೀ ಒಂದು ಸುಳ್ಳಿನ ಜೊತೆ ಬದುಕಬೇಕು…’

ಆ ಶನಿವಾರ ಆಟವಿರಲಿಲ್ಲ. ಭಾನುವಾರ ಬಂತು. ತಾಟಿನ ತುಂಬ ಸಕ್ಕರೆ. ವೈಜಿನಾಥ ಒಗೆದ ಅಂಗಿ ತೊಟ್ಟು ಕಂಬಳಿಯ ಮೇಲೆ ಕೂತಿದ್ದ.

“ಅಪ್ಪಾ, ತಡಿ. ಸಕ್ಕರಿಗಿಂತ ಮೊದಲ ಒಂದು ಆಟ,” ಎಂದಳು ಚಂದ್ರಭಾಗಾ. ಗೋಡೆಯ ಚಿತ್ರದ ಮೇಲೆ ಕರಿ ರಟ್ಟು ಹಿಡಿದಳು. ಕಿಂಡಿಯಲ್ಲಿ ಕಂಡದ್ದು ಕಚ್ಚು ಬಿದ್ದ ಎಡಗಿವಿಯೊಂದೇ.

“ಇವತ್ತು ನಾ ಕೇಳ್ತೇನಿ, ನೀವು ಹೇಳ್ರಿ. ಇವರು ಯಾರು?”

ಶಿವರಾಜಪ್ಪ ನಕ್ಕ. “ಇದೇನ ಹುಚ್ಚವ್ವಾ? ಗಾಂಧೀಜಿ ಅಲ್ಲೇನು!”

ಅವಳು ನಗಲಿಲ್ಲ. “ಮೊದಲ ಸುಳಿವು. ಇವರು ದಿಲ್ಲಿ ನೋಡಿಲ್ಲ. ಎರಡನೇದು. ಈ ಕಿವಿ ಗಾಜು ಕೊಯ್ದದ್ದು. ಮೂರನೇದು…” ಅವಳು ವೈಜಿನಾಥನತ್ತ ತಿರುಗಿದಳು. “ಶೇಂಗಾ ಸುಲದು ಮೊದಲು ಮಂದಿಗೆ ಕೊಡ್ತಾರ.”

ವೈಜಿನಾಥನ ಮುಖ ಸುಣ್ಣವಾಯಿತು.

“ನನ್ನ ಉಸ್ತಾದ… ಬಾಬುಮಿಯಾ,” ಎಂದ.

ಶಿವರಾಜಪ್ಪನ ಕೈ ಸಕ್ಕರೆಯ ತಾಟಿನ ಮೇಲೆ ಹಾಗೇ ನಿಂತಿತು.

“ಗಾಂಧೀಜಿನ್ನ ನಾ ನೋಡಿಲ್ಲರಿ ಕಾಕಾ. ದೂರಿಂದಾನೂ ನೋಡಿಲ್ಲ. ಆ ದಿನಗಳು ಹ್ಯಾಂಗಿದ್ವು ನಿಮಗಾ ಗೊತ್ತದ. ಮೊದಲು ನಿಮ್ಮಂಥವರ ಕೊಟ್ಟಿಗಿ ಸುಟ್ಟರು. ಪೊಲೀಸ್ ಆಕ್ಷನ್ ಆದ ಮ್ಯಾಲ ಆ ಸಿಟ್ಟು ತೀರಿಸಕೊಳ್ಳಲಿಕ್ಕೆ ಮಂದಿ ಓಣಿ ಓಣಿ ತಿರಗಿದ್ರು. ಏನೂ ಮಾಡದವರ ಬಾಗಿಲಕ್ಕೂ ಬಂದ್ರು. ಉಸ್ತಾದ ನನ್ನ ಸಾಕಿದವರು. ‘ನೀ ಹೋಗು ಬೇಟಾ’ ಅಂದ್ರು. ಎಲ್ಲಿ ಹೋಗಲಿ?”

ಅವನು ಚಿತ್ರದ ಕಡೆ ಕೈ ತೋರಿದ.

“ಬಾಗಿಲಕ್ಕ ಗಾಂಧೀಜಿ ಚಿತ್ರ ಇದ್ದರ ಉಳೀತೀವಿ ಅನಸ್ತು. ಆದ್ರ ನಾ ಕಂಡಿದ್ರಲ್ಲ? ಅವರನ್ನ ಕಂಡು ಬಂದವರಿಗೆ ಕೇಳಿದೆ. ಒಬ್ಬ ‘ಬೋಳು ತಲಿ’ ಅಂದ. ಒಬ್ಬ ‘ದುಂಡು ಕನ್ನಡಕ’ ಅಂದ. ‘ಹಲ್ಲಿಲ್ಲ, ಶಾಲು ಹೊತ್ತಿರ್ತಿದ್ರು’ ಅಂದ ಇನ್ನೊಬ್ಬ. ಬರೀ ಸುಳಿವು! ಕುಂಚ ಹಿಡದು ತಲಿ ಎತ್ತಿದ್ರ ಎದುರಿಗೆ ಉಸ್ತಾದ ಕುಂತಾರ. ಅವರನ್ನಾ ತಗದೆ. ನೂರು ಮಂದಿ ಬಂದ್ರು. ನಾ ಎದಿ ಕೊಟ್ಟು ಬಾಗಿಲದಾಗ ನಿಂತೆ. ಬಂದವರೂ ಗಾಂಧೀಜಿನ್ನ ಕಂಡಿದ್ದಿಲ್ಲ. ಕನ್ನಡಕ ನೋಡಿದ್ರು… ಚಪ್ಪಲಿ ಬಿಟ್ಟು ಕೈ ಮುಗದ್ರು. ಉಸ್ತಾದ ಅದಾ ಬಾಗಿಲದ ಹಿಂದ ಕುಂತಿದ್ರು.”

ವೈಜಿನಾಥ ಶಿವರಾಜಪ್ಪನತ್ತ ತಿರುಗಿದ.

“ಒಬ್ಬ ಕೇಳ್ದ, ‘ಯಾರು ತಗದಾರ?’ ‘ನಾನಾ. ಗಾಂಧೀಜಿ ನನ್ನ ಮುಂದ ಕುಂತಿದ್ರು’ ಅಂದೆ. ಆವತ್ತಿನ ಸುಳ್ಳು… ಕೆಳಗ ಇಳಸಿದ್ರ ಉಸ್ತಾದಗ ಏನರ ಆಗ್ತದಂತ ಹೊತ್ತುಕೊಂಡಾ ತಿರಗಿದೆ. ನೀವು ದನಿ ಹ್ಯಾಂಗಿತ್ತು ಅಂತ ಕೇಳದಾಗ…”

“ಆ ದನಿ ಯಾರದು?”

“ಉಸ್ತಾದನ ದನಿರಿ.”

ಶಿವರಾಜಪ್ಪ ಎದ್ದ. ಚಿತ್ರವನ್ನು ಗೋಡೆಯಿಂದ ಇಳಿಸಿದ. ‘ಅಂಗಳಕ್ಕೆ ಎಸೆದುಬಿಡುತ್ತಾನೆ!’ ಚಂದ್ರಭಾಗಾಳ ಕಣ್ಣು ಕತ್ತಲಿಟ್ಟವು.

ಅವನು ಎಸೆಯಲಿಲ್ಲ. ಧೋತರದ ಅಂಚಿನಿಂದ ಗಾಜು ಒರೆಸಿದ. ಬಹಳ ಹೊತ್ತು ಒರೆಸಿದ.

“ಕ್ಯಾಂಪಿನಿಂದ ಬಂದಾಗ ನನಗೂ ಸಿಟ್ಟಿತ್ತು ತಮ್ಮಾ. ಯಾರದರ ಮನಿ ಸುಡಬೇಕು ಅನ್ನುವಷ್ಟು ಸಿಟ್ಟು. ದಿನಾ ಮುಂಜಾನಿ ಈ ಮುಖದ ಮುಂದ ಕುಂತು ಕುಂತು ಅದು ಇಳೀತು.” ಉಸಿರೆಳೆದುಕೊಂಡ. “ಅದು ಯಾರ ಮುಖಂತ ನನಗ ಗೊತ್ತಿದ್ದಿಲ್ಲ, ಅಷ್ಟಾ. ಚಂದ್ರಾ, ಸಕ್ಕರಿ ತಾಟು ಮುಚ್ಚವ್ವಾ.”

“ಅಪ್ಪಾ…!”

“ಗಂಡಿನ ಕಡೀ ಹಿರಿಯರಿಲ್ಲದ ಸಕ್ಕರಿ ಹಂಚಬಾರದು. ಇವನ ಹಿರಿಯರು ಬೀದರದಾಗ ಅದಾರ. ನಡೀರಿ, ರೈಲಿನ ಹೊತ್ತಾತು.”

ಭಾಲ್ಕಿ ಟೇಶನ್ನಿನ ಕಲ್ಲಿನ ಬೆಂಚಿನ ಮೇಲೆ ಚಂದ್ರಭಾಗಾ ಕೂತಿದ್ದಳು. ಪಕ್ಕದಲ್ಲಿ ಸಕ್ಕರೆಯ ಗಂಟು. ಅಪ್ಪ ಟಿಕೀಟಿಗೆ ಹೋಗಿದ್ದ. ವೈಜಿನಾಥ ನಾಲ್ಕು ಮಾರು ದೂರ ನಿಂತಿದ್ದ.

“ನನಗಾದ್ರೂ ಮೊದಲಾ ಹೇಳಬೇಕಿತ್ತು,” ಎಂದಳು.

“ಪ್ರತಿ ಶನಿವಾರ ರೈಲಿನಾಗ ಬಾಯಿಪಾಠ ಮಾಡಕೋತ ಬರ್ತಿದ್ದೆರಿ. ನೀವು ನಗತಿದ್ರಿ… ಖರೇ ಹೇಳಿದ್ರ ಆ ನಗು ಹೋಗ್ತದಂತ ಅಂಜತಿದ್ದೆ. ದಿಲ್ಲಿ ಕಂಡವನ ಮುಂದ ನಗತೀರಿ. ಕಟ್ಟು ಹಾಕವನ ಮುಂದ ನಗತೀರೇನು?”

“ನಾ ನಕ್ಕಿದ್ದು ದಿಲ್ಲಿ ಕಂಡವರಿಗಲ್ಲರಿ. ನನ್ನ ನಗಸಬೇಕಂತ ಬೆವರತಿದ್ದವರಿಗೆ.”

ಅವನು ತಲೆ ತಗ್ಗಿಸಿದ. ಅವಳು ಅವನ ಮುಖವನ್ನೇ ನೋಡಿದಳು.

“ಒಂದು ಕೇಳ್ತೇನಿ. ಆವತ್ತು ಖರೇನಾ ನೂರು ಮಂದಿ ಬಂದಿದ್ರೇನ್ರಿ?”

“…ಇಪ್ಪತ್ತು ಇರಬೇಕ್ರಿ.”

“ವೈಜಿನಾಥರ!”

“ಏಳು ಮಂದಿರಿ.”

“ಎದಿ ಕೊಟ್ಟು ನಿಂತಿದ್ದು?”

ದೂರದಲ್ಲಿ ರೈಲಿನ ಹೊಗೆ ಕಂಡಿತು. ವೈಜಿನಾಥ ಕೈಯಲ್ಲಿದ್ದ ಟೊಪ್ಪಿಗೆ ತಿರುವಿದ, ಮತ್ತೆ ತಿರುವಿದ.

“ನಿಂತಿದ್ದಿಲ್ಲರಿ. ಕಾಲು ನಡಗಿ ಹೊಸ್ತಲದ ಮ್ಯಾಲ ಕುಂತಬಿಟ್ಟಿದ್ದೆ. ಬಾಗಿಲ ಸಂದಿಯೊಳಗಿಂದ ಉಸ್ತಾದ ನನ್ನ ಅಂಗಿ ಗಟ್ಟಿ ಹಿಡದಿದ್ರು.”

“ಓಡಿ ಹೋಗಲಿಲ್ಲಲ್ಲ?”

“ಇಲ್ಲ.”

ಅವಳು ಅವನ ಕಾಲಿನತ್ತ ನೋಡಿದಳು.

“ಈಗೂ ನಡಗಲತ್ತಾವೇನ್ರಿ ಕಾಲು?”

“ಹೌದ್ರಿ… ಇದು ಖರೇ.”

“ಹಂಗಾದ್ರ ಬರ್ರಿ, ಕೂಡ್ರಿ,” ಎಂದು ಅವಳು ಸಕ್ಕರೆಯ ಗಂಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.